ಮಿದುಳಿಗೆ ಸೋರುವ ಫೈಬ್ರಿನೋಜೆನ್: ಎಂಎಸ್ ಇರುವ ಮಗಳಿಗೆ ರಕ್ತ ತೆಳು ಮಾಡುವ ಮಾತ್ರೆ ಕೊಡಬಹುದೇ?

ಪ್ರಶ್ನೆ: ಡಾಕ್ಟರೇ, ನಾವು ಕೊಡಗಿನ ನಾಪೋಕ್ಲು ಕಡೆಯ ಕಾಫಿ ಬೆಳೆಗಾರರು. ನನ್ನ ಮಗಳಿಗೆ 28 ವರ್ಷ. ಎರಡು ವರ್ಷದ ಹಿಂದೆ ಬಲಗಣ್ಣು ನೋವು ಬಂದು ದೃಷ್ಟಿ ಮಂಜಾಯಿತು. ಎಂಆರ್‌ಐ ಮತ್ತು ಬೆನ್ನುಹುರಿಯ ನೀರಿನ ಪರೀಕ್ಷೆ ಮಾಡಿಸಿ, ಮಿದುಳು, ಬೆನ್ನುಹುರಿಯ ನರಗಳಿಗೆ ಬರುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಕಾಯಿಲೆ ಎಂದು ಹೇಳಿದರು. ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಡ್ರಿಪ್ ಕೊಡಿಸುತ್ತಿದ್ದೇವೆ, ಆಮೇಲೆ ಕಾಯಿಲೆ ಮರುಕಳಿಸಿಲ್ಲ. ಈ ಜುಲೈನಲ್ಲಿ ಅವಳಿಗೆ ಜ್ವರ, ಕೆಮ್ಮು ಬಂತು. ಜ್ವರ ಬಿಟ್ಟ ವಾರವೇ ಒಂದು ಪ್ಯಾಕೇಜ್ ರಕ್ತಪರೀಕ್ಷೆ ಮಾಡಿಸಿದೆವು. ಅದರಲ್ಲಿ ಫೈಬ್ರಿನೋಜೆನ್ 468, ಡಿ-ಡೈಮರ್ 610 ಎಂದು ಬಂದು, ಎರಡರ ಪಕ್ಕದಲ್ಲೂ ‘ಹೆಚ್ಚು’ ಎಂದು ಗುರುತು ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಿಂದಲೇ ಈ ಕಾಯಿಲೆ ಬರುತ್ತದೆ ಎಂಬ ಸಂಶೋಧನೆ ಇದೆಯೆಂದು ಅಳಿಯ ಓದಿ ಹೇಳುತ್ತಾನೆ. ನಮ್ಮ ಯಜಮಾನರಿಗೆ ಹೃದಯದಲ್ಲಿ ಸ್ಟೆಂಟ್ ಇದೆ, ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಾರೆ. ಅದರಲ್ಲೇ ದಿನಕ್ಕೊಂದು ಮಗಳಿಗೂ ಕೊಡಬಹುದೇ? ನಾದಿನಿ ಜಿಗಣೆ ಕಚ್ಚಿಸುವ ಚಿಕಿತ್ಸೆ ಮಾಡಿಸಿ ಎನ್ನುತ್ತಾಳೆ. ಅಳಿಯ ‘ನ್ಯಾಟೋ’ ಎಂಬ ಜಪಾನಿನ ಕ್ಯಾಪ್ಸೂಲ್ ತರಿಸಿದ್ದಾನೆ. ಇನ್ನೊಂದು ವಿಷಯ, ಹಂಡೆಯ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಂದರೆ ಅವಳಿಗೆ ಬಲಗಣ್ಣು ಅರ್ಧ ಗಂಟೆ ಮಂಜಾಗುತ್ತದೆ. ಆ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆಯೇ? ನಮ್ಮ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ಕೊಟ್ಟೆ, ಅದೂ ತಪ್ಪಾಯಿತೇ ಎಂದು ಭಯ.

ಉತ್ತರ: ಮೊದಲಿಗೆ ಉತ್ತರವನ್ನೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ಬಿಡಿಸೋಣ. ನಿಮ್ಮ ಯಜಮಾನರ ಮಾತ್ರೆಯನ್ನು ಮಗಳಿಗೆ ಕೊಡಬೇಡಿ. ಜಿಗಣೆಯೂ ಬೇಡ, ಕ್ಯಾಪ್ಸೂಲೂ ಬೇಡ. ಸ್ನಾನದ ನಂತರ ಕಣ್ಣು ಮಂಜಾಗುವುದು ರಕ್ತ ಹೆಪ್ಪುಗಟ್ಟುವುದರಿಂದಲ್ಲ. ಪಾಯಸ ಕೊಟ್ಟದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ಅಳಿಯ ಓದಿದ್ದು ಕಟ್ಟುಕಥೆಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹೆಪ್ಪುಗಟ್ಟಿಸುವ ಅಂಶಗಳಿಗೂ ಮಿದುಳಿನ ಉರಿಯೂತಕ್ಕೂ ನಿಜವಾದ ಸಂಬಂಧವಿದೆ. ಆ ಸಂಬಂಧ ಎಂಥದ್ದು ಎಂಬುದರಲ್ಲಿ ಮಾತ್ರ ಅವರ ಓದು ದಾರಿ ತಪ್ಪಿದೆ.

ರಕ್ತ ಹೇಗೆ ಹೆಪ್ಪಾಗುತ್ತದೆ ಎಂಬುದನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಪುಸ್ತಕದಿಂದಲ್ಲ, ಹೌಸ್‌ಮನ್ (ತರಬೇತಿಯ ವೈದ್ಯ) ಆಗಿದ್ದ ದಿನಗಳಲ್ಲಿ, ಕೊಳಕುಮಂಡಲ ಕಚ್ಚಿದವರ ಹಾಸಿಗೆಯ ಪಕ್ಕದಲ್ಲಿ. ತೋಟದಲ್ಲಿ ಹಾವು ಕಚ್ಚಿದವರನ್ನು ಕರೆತಂದಾಗ ಅವರ ತೋಳಿನಿಂದ ಎರಡು ಮಿಲಿಲೀಟರ್ ರಕ್ತ ತೆಗೆದು, ಒಣಗಿದ ಸ್ವಚ್ಛ ಗಾಜಿನ ನಳಿಗೆಯಲ್ಲಿ ಹಾಕಿ, ಅಲುಗಿಸದೆ 20 ನಿಮಿಷ ಇಡುತ್ತೇವೆ. ಆಮೇಲೆ ನಳಿಗೆಯನ್ನು ಮೆಲ್ಲಗೆ ಓರೆ ಮಾಡಿದರೆ, ಆರೋಗ್ಯವಂತರ ರಕ್ತವಾದರೆ ಮೊಸರಿನಂತೆ ಕಚ್ಚಿಕೊಂಡು ನಿಂತಿರುತ್ತದೆ, ವಿಷ ಏರಿದವರ ರಕ್ತವಾದರೆ ನೀರಿನಂತೆ ಹರಿದುಬಿಡುತ್ತದೆ. ಹರಿಯಲು ಕಾರಣ ಆ ರಕ್ತದಲ್ಲಿ ಫೈಬ್ರಿನೋಜೆನ್ ಉಳಿದಿಲ್ಲದಿರುವುದು. ಹಾವಿನ ವಿಷ ಹೆಪ್ಪುಗಟ್ಟಿಸುವ ಕ್ರಿಯೆಯನ್ನು ಮೈಯೆಲ್ಲ ಒಮ್ಮೆಗೇ ಕೆರಳಿಸಿ, ಇದ್ದ ಫೈಬ್ರಿನೋಜೆನ್‌ನ್ನೆಲ್ಲ ಮುಗಿಸಿಬಿಟ್ಟಿರುತ್ತದೆ. ಅಂಥ ರೋಗಿಯ ವಸಡಿನಿಂದ, ಸೂಜಿ ಚುಚ್ಚಿದ ಜಾಗದಿಂದ ರಕ್ತ ಜಿನುಗುತ್ತಲೇ ಇರುತ್ತದೆ. ಫೈಬ್ರಿನೋಜೆನ್ ಇಲ್ಲದ ರಕ್ತ ಹೇಗಿರುತ್ತದೆ ಎಂದು ಒಮ್ಮೆ ಕಣ್ಣಾರೆ ಕಂಡವರು ಅದನ್ನು ಶತ್ರು ಎಂದು ಕರೆಯಲು ಮನಸ್ಸು ಮಾಡುವುದಿಲ್ಲ.

ಫೈಬ್ರಿನೋಜೆನ್ ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಕರಗಿಕೊಂಡೇ ಓಡಾಡುವ ಒಂದು ದೊಡ್ಡ ಪ್ರೋಟೀನು. ಹೆಪ್ಪುಗಟ್ಟಿಸುವ ಅಂಶಗಳಿಗೆ ವೈದ್ಯರು ಅಂಕಿ ಕೊಟ್ಟಿದ್ದಾರೆ, ಅದರಲ್ಲಿ ಇದೇ ಒಂದನೆಯದು. ಗಾಯವಾದಾಗ ಉಳಿದ ಅಂಶಗಳು ಒಂದನ್ನೊಂದು ಎಬ್ಬಿಸುತ್ತ ಹೋಗಿ ಕೊನೆಗೆ ಥ್ರಾಂಬಿನ್ ಎಂಬ ಕಿಣ್ವ ಹುಟ್ಟುತ್ತದೆ. ಥ್ರಾಂಬಿನ್ ಈ ಫೈಬ್ರಿನೋಜೆನ್‌ನ ತುದಿಗಳನ್ನು ಕತ್ತರಿಸಿದಾಗ ಅದು ಫೈಬ್ರಿನ್ ಎಂಬ ನೂಲಾಗಿ ಬಲೆ ಕಟ್ಟಿಕೊಳ್ಳುತ್ತದೆ, ಹದಿಮೂರನೆಯ ಅಂಶ ಬಂದು ಆ ಬಲೆಯ ನೂಲುಗಳನ್ನು ಬಿಗಿಯುತ್ತದೆ. ಗಾಯ ಮಾಗಿದ ಮೇಲೆ ಪ್ಲಾಸ್ಮಿನ್ ಎಂಬ ಇನ್ನೊಂದು ಕಿಣ್ವ ಅದೇ ಬಲೆಯನ್ನು ಚೂರುಚೂರು ಮಾಡಿ ಕರಗಿಸುತ್ತದೆ. ಹಾಗೆ ಕರಗಿದ ಚೂರುಗಳಲ್ಲಿ ಒಂದನ್ನೇ ನಿಮ್ಮ ವರದಿಯಲ್ಲಿ ಡಿ-ಡೈಮರ್ ಎಂದು ಅಳೆದಿರುವುದು.

ಇದೆಲ್ಲ ನಡೆಯಬೇಕಾದದ್ದು ರಕ್ತನಾಳದ ಒಳಗೆ, ಇಲ್ಲವೇ ಗಾಯದ ಬಾಯಲ್ಲಿ. ಮಿದುಳಿನ ಊತಕದೊಳಗೆ ಫೈಬ್ರಿನೋಜೆನ್‌ಗೆ ಪ್ರವೇಶವಿಲ್ಲ. ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೊಲಿದುಕೊಂಡಿರುತ್ತವೆಂದರೆ, ಇಷ್ಟು ದೊಡ್ಡ ಪ್ರೋಟೀನು ನುಸುಳುವಂತೆಯೇ ಇಲ್ಲ. ಇದನ್ನೇ ರಕ್ತ-ಮಿದುಳಿನ ತಡೆಗೋಡೆ ಎನ್ನುತ್ತೇವೆ. ಎಂಎಸ್‌ನಲ್ಲಿ ಈ ತಡೆಗೋಡೆ ಅಲ್ಲಲ್ಲಿ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ರೋಗನಿರೋಧಕ ಕೋಶಗಳು ಒಳನುಗ್ಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಅವುಗಳ ಜೊತೆ ಫೈಬ್ರಿನೋಜೆನ್ ಕೂಡ ಸೋರುತ್ತದೆ. ಕಾಫಿ ಬೆಳೆಯುವವರಿಗೆ ಇದನ್ನು ಹೇಳುವುದು ಸುಲಭ. ಹೂಮಳೆ ಬಾರದಿದ್ದರೆ ನಿಮಗೆ ಫಸಲೇ ಇಲ್ಲ. ಅದೇ ಮಳೆ ಜನವರಿಯಲ್ಲಿ, ಕಣದಲ್ಲಿ ಹರಡಿದ ಕಾಫಿಯ ಮೇಲೆ ಒಂದು ರಾತ್ರಿ ಬಿದ್ದರೆ ಬೂಷ್ಟು ಹಿಡಿದು ವರ್ಷದ ದುಡಿಮೆ ಹಾಳು. ನೀರು ಅದೇ, ಬಿದ್ದ ಜಾಗ ಬೇರೆ. ಫೈಬ್ರಿನೋಜೆನ್ ವಿಷಯವೂ ಹಾಗೆಯೇ. ಅದು ರಕ್ತದಲ್ಲಿ ಎಷ್ಟಿದೆ ಎಂಬುದಕ್ಕಿಂತ ಮಿದುಳಿನೊಳಗೆ ಇಳಿದಿದೆಯೇ ಎಂಬುದು ಎಂಎಸ್‌ನಲ್ಲಿ ಮುಖ್ಯ.

ರಕ್ತನಾಳಕ್ಕೂ ಈ ಕಾಯಿಲೆಗೂ ನಂಟಿದೆ ಎಂಬುದು ಹಳೆಯ ಅನುಮಾನ. 1863ರಲ್ಲೇ ಜರ್ಮನಿಯ ರಿಂಡ್‌ಫ್ಲೈಶ್, ಎಂಎಸ್‌ನ ಪ್ರತಿ ಕಲೆಯ ನಟ್ಟನಡುವೆ ಒಂದು ಸಣ್ಣ ರಕ್ತನಾಳ ಇರುವುದನ್ನು ಬರೆದಿಟ್ಟರು. ಫ್ರಾನ್ಸಿನ ಶಾರ್ಕೋ 1868ರಲ್ಲಿ ಕಾಯಿಲೆಯನ್ನು ವಿವರವಾಗಿ ವರ್ಣಿಸುವುದಕ್ಕೂ ಮೊದಲಿನ ಮಾತು ಅದು. ಇಂದಿನ ಎಂಆರ್‌ಐ ಚಿತ್ರಗಳಲ್ಲೂ ನಾವು ಕಲೆಯ ನಡುವಿನ ಆ ಅಭಿಧಮನಿಯನ್ನು ಹುಡುಕುತ್ತೇವೆ, ಅದು ಕಂಡರೆ ಎಂಎಸ್ ಎಂಬ ನಿರ್ಣಯಕ್ಕೆ ಬಲ ಬರುತ್ತದೆ. ಮೂರ್ಛೆರೋಗಕ್ಕೆ ಫೆನಿಟೋಯಿನ್ ಬಳಕೆಗೆ ತಂದ ಇಬ್ಬರಲ್ಲಿ ಒಬ್ಬರಾದ ಅಮೆರಿಕದ ಟ್ರೇಸಿ ಪುಟ್ನಂ, ಮಿದುಳಿನ ಸಣ್ಣ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದೇ ಎಂಎಸ್‌ಗೆ ಕಾರಣವೆಂದು ನಂಬಿ, ರೋಗಿಗಳಿಗೆ ಡೈಕೂಮರಾಲ್ ಎಂಬ ರಕ್ತ ತೆಳು ಮಾಡುವ ಔಷಧ ಕೊಟ್ಟು 1947ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಚಿಕಿತ್ಸೆ ಬಳಕೆಯಲ್ಲಿ ಉಳಿಯಲಿಲ್ಲ. ನಿಮ್ಮ ಅಳಿಯನಿಗೆ ಇಂದು ಹೊಳೆದದ್ದು ಸುಮಾರು ಎಂಬತ್ತು ವರ್ಷಗಳ ಹಿಂದೆ ಒಬ್ಬ ದೊಡ್ಡ ವೈದ್ಯರಿಗೂ ಹೊಳೆದಿತ್ತು ಎಂಬುದನ್ನು ಅವರಿಗೆ ಹೇಳಿ, ಬೇಸರಪಟ್ಟುಕೊಳ್ಳಬೇಕಾಗಿಲ್ಲ. ಅನಂತರ 2009ರಲ್ಲಿ ಇಟಲಿಯ ಜಾಂಬೋನಿಯವರು ಕುತ್ತಿಗೆಯ ಅಭಿಧಮನಿಗಳು ಕಿರಿದಾಗುವುದೇ ಮೂಲವೆಂದಾಗ, ಬಲೂನಿನಿಂದ ಅವನ್ನು ಅಗಲಿಸಿಕೊಳ್ಳಲು ಸಾವಿರಾರು ಜನ ದೇಶದಿಂದ ದೇಶಕ್ಕೆ ಅಲೆದರು. ಜಾಂಬೋನಿಯವರೇ ಮುಂದೆ ನಿಂತು ನಡೆಸಿದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಅದರಿಂದ ಉಪಯೋಗವಿಲ್ಲವೆಂದು ತಿಳಿಯಿತು.

ಹಾಗಾದರೆ ಹೊಸದಾಗಿ ತಿಳಿದದ್ದೇನು? ಇದು ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಕುತೂಹಲದ ಭಾಗ, ಸ್ವಲ್ಪ ನಿಧಾನವಾಗಿ ಓದಿ. ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯ ಕಟೆರಿನಾ ಅಕಸೋಗ್ಲೂ ಮತ್ತು ಅವರ ಸಂಗಡಿಗರು ಎರಡು ದಶಕಗಳಿಗೂ ಹೆಚ್ಚು ಕಾಲ ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಮಿದುಳಿಗೆ ಸೋರಿದ ಫೈಬ್ರಿನೋಜೆನ್ ಅಲ್ಲಿ ಫೈಬ್ರಿನ್ ಆದಾಗ, ಅದರ ಮೈಯಲ್ಲಿ ಅಡಗಿದ್ದ ಒಂದು ತುಣುಕು ಹೊರಗೆ ತೆರೆದುಕೊಳ್ಳುತ್ತದೆ. ಮಿದುಳಿನ ಕಾವಲುಗಾರ ಕೋಶಗಳಾದ ಮೈಕ್ರೋಗ್ಲಿಯಾಗಳ ಮೇಲಿರುವ ಸಿಡಿ11ಬಿ ಎಂಬ ಗ್ರಾಹಕಕ್ಕೆ ಆ ತುಣುಕು ಬೀಗಕ್ಕೆ ಕೀಲಿಯಂತೆ ಹೊಂದುತ್ತದೆ. ಆಗ ಶಾಂತವಾಗಿದ್ದ ಮೈಕ್ರೋಗ್ಲಿಯಾ ಕೆರಳಿ, ರಕ್ತನಾಳದ ಸುತ್ತ ಗುಂಪುಗೂಡಿ, ನರತಂತುಗಳನ್ನು ಸುಡುವಂಥ ರಾಸಾಯನಿಕಗಳನ್ನು ಕಾರುತ್ತದೆ. ಎಂಎಸ್‌ನಂಥ ಕಾಯಿಲೆ ಬರಿಸಿದ ಇಲಿಗಳಲ್ಲಿ ಫೈಬ್ರಿನ್ ಮತ್ತು ಈ ಗ್ರಾಹಕದ ಜೋಡಣೆಯನ್ನು ತಪ್ಪಿಸಿದಾಗ ಅವುಗಳ ಕಾಲಿನ ಪಾರ್ಶ್ವವಾಯು ಕಡಿಮೆಯಾದದ್ದನ್ನು ಇದೇ ತಂಡ 2007ರಲ್ಲಿ ತೋರಿಸಿತು. ಹತ್ತು ವರ್ಷದ ನಂತರ ಇನ್ನೊಂದು ಸಂಗತಿ ಹೊರಬಂತು. ನರತಂತುವಿನ ಮೇಲ್ಪದರವಾದ ಮೈಲಿನ್ ಕಿತ್ತುಹೋದಾಗ ಅದನ್ನು ಮತ್ತೆ ಹೊದಿಸಬೇಕಾದ ಎಳೆಯ ಕೋಶಗಳು ಮಿದುಳಿನಲ್ಲಿ ಸಿದ್ಧವಿರುತ್ತವೆ, ಫೈಬ್ರಿನೋಜೆನ್ ಆ ಕೋಶಗಳು ಬಲಿಯದಂತೆ ತಡೆಯುತ್ತದೆ. ಅಂದರೆ ಅದು ಗಾಯ ಮಾಡುವುದರಲ್ಲೂ ಕೈ ಹಾಕುತ್ತದೆ, ಮಾಗುವುದಕ್ಕೂ ಅಡ್ಡ ಬರುತ್ತದೆ.

ಫೈಬ್ರಿನೋಜೆನ್ ಒಂದೇ ಅಲ್ಲ. ತೀರಿಕೊಂಡ ಎಂಎಸ್ ರೋಗಿಗಳ ಮಿದುಳಿನ ಕಲೆಗಳಲ್ಲಿರುವ ಪ್ರೋಟೀನುಗಳನ್ನು ಪಟ್ಟಿ ಮಾಡಿದ ಸ್ಟ್ಯಾನ್‌ಫರ್ಡ್‌ನ ತಂಡವೊಂದಕ್ಕೆ 2008ರಲ್ಲಿ ಅಲ್ಲಿ ಟಿಶ್ಯೂ ಫ್ಯಾಕ್ಟರ್ ಮತ್ತು ಪ್ರೋಟೀನ್ ಸಿ ತಡೆಕಾರಕ ಸಿಕ್ಕವು. ಎರಡೂ ಹೆಪ್ಪುಗಟ್ಟಿಸುವ ಕ್ರಿಯೆಗೆ ಸೇರಿದವು. ಹನ್ನೆರಡನೆಯ ಅಂಶದ ಪ್ರಮಾಣ ಕಾಯಿಲೆ ಮರುಕಳಿಸಿದ ರೋಗಿಗಳ ರಕ್ತದಲ್ಲಿ ಏರಿರುವುದನ್ನೂ, ಅದು ರೋಗನಿರೋಧಕ ಕೋಶಗಳನ್ನು ಪ್ರಚೋದಿಸುವುದನ್ನೂ 2016ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಥ್ರಾಂಬಿನ್‌ಗೆ ಸ್ಪಂದಿಸುವ ಗ್ರಾಹಕಗಳು ಮಿದುಳಿನ ಕೋಶಗಳ ಮೇಲೆಯೇ ಇವೆ.

ಇಷ್ಟಾದರೂ ಇವು ಕಾಯಿಲೆಯ ಮೂಲವಲ್ಲ. ಎಂಎಸ್ ಶುರುವಾಗುವುದು ರೋಗನಿರೋಧಕ ವ್ಯವಸ್ಥೆ ತನ್ನದೇ ಮೈಲಿನ್ ಮೇಲೆ ತಿರುಗಿ ಬೀಳುವುದರಿಂದ. ಅದರ ಹಿಂದೆ ವಂಶವಾಹಿಗಳಿವೆ, ಧೂಮಪಾನವಿದೆ, ವಿಟಮಿನ್ ಡಿ ಕೊರತೆಯಿದೆ, ಎಲ್ಲಕ್ಕಿಂತ ಬಲವಾಗಿ ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಇದೆ. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕ ಸಿಬ್ಬಂದಿಯ ದಾಖಲೆಗಳನ್ನು ನೋಡಿದ 2022ರ ಅಧ್ಯಯನದಲ್ಲಿ, ಆ ವೈರಸ್ ತಗುಲಿದ ಮೇಲೆ ಎಂಎಸ್ ಬರುವ ಸಾಧ್ಯತೆ 32 ಪಟ್ಟು ಏರಿದ್ದು ಕಂಡಿತು. ನಮ್ಮಲ್ಲಿ ಬಹುತೇಕ ಎಲ್ಲರಿಗೂ ಆ ವೈರಸ್ ತಗುಲಿಯೇ ಇರುತ್ತದೆ, ಕಾಯಿಲೆ ಬರುವುದು ಕೆಲವೇ ಜನರಿಗೆ. ಆದ್ದರಿಂದ ‘ಇದೊಂದೇ ಕಾರಣ’ ಎನ್ನುವ ಯಾವ ಲೇಖನವನ್ನೂ ಪೂರ್ತಿ ನಂಬಬೇಡಿ. ನೀವು ಏನೋ ತಪ್ಪು ಆಹಾರ ಕೊಟ್ಟದ್ದರಿಂದಲೋ, ಮಗಳ ರಕ್ತ ಹುಟ್ಟಿನಿಂದ ದಪ್ಪ ಇದ್ದುದರಿಂದಲೋ ಇದು ಬಂದದ್ದಲ್ಲ.

ಈಗ ಮಾತ್ರೆಯ ಪ್ರಶ್ನೆ. ‘ರಕ್ತ ತೆಳು ಮಾಡುವ ಮಾತ್ರೆ’ ಎಂದು ನಾವೆಲ್ಲ ಒಂದೇ ಹೆಸರಿನಲ್ಲಿ ಕರೆದರೂ, ನಿಮ್ಮ ಯಜಮಾನರ ಎರಡು ಮಾತ್ರೆಗಳೂ ಕೆಲಸ ಮಾಡುವುದು ಪ್ಲೇಟ್‌ಲೆಟ್‌ಗಳ ಮೇಲೆ. ಅವು ಸ್ಟೆಂಟ್‌ಗೆ ಪ್ಲೇಟ್‌ಲೆಟ್ ಅಂಟದಂತೆ ನೋಡಿಕೊಳ್ಳುತ್ತವೆ. ಫೈಬ್ರಿನೋಜೆನ್‌ನ್ನು ಇಳಿಸುವುದಕ್ಕಾಗಲಿ, ಮಿದುಳಿನ ತಡೆಗೋಡೆಯ ಬಿರುಕು ಮುಚ್ಚುವುದಕ್ಕಾಗಲಿ, ಸೋರಿದ ಫೈಬ್ರಿನ್ ಮೈಕ್ರೋಗ್ಲಿಯಾವನ್ನು ಕೆರಳಿಸದಂತೆ ತಡೆಯುವುದಕ್ಕಾಗಲಿ ಅವು ಇರುವುದಲ್ಲ. ಮಗಳಿಗೆ ಕೊಟ್ಟರೆ ಲಾಭದ ಆಧಾರವಿಲ್ಲ, ಅಪಾಯ ಮಾತ್ರ ಉಳಿಯುತ್ತದೆ. ನಾಳೆ ಕಾಯಿಲೆ ಮರುಕಳಿಸಿದರೆ ಅವಳಿಗೆ ಮೂರರಿಂದ ಐದು ದಿನ ಒಂದೊಂದು ಗ್ರಾಂ ಮಿಥೈಲ್ ಪ್ರೆಡ್ನಿಸೊಲೋನ್ ಕೊಡಬೇಕಾಗಬಹುದು. ಆಸ್ಪಿರಿನ್ ಮತ್ತು ಸ್ಟಿರಾಯ್ಡ್ ಒಟ್ಟಿಗೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವ ಸಾಧ್ಯತೆ ಹೆಚ್ಚುತ್ತದೆ. ಬೆನ್ನುಹುರಿಯ ನೀರು ಮತ್ತೆ ತೆಗೆಯಬೇಕಾದರೆ, ಅವಳು ಕ್ಲೋಪಿಡೋಗ್ರೆಲ್ ನುಂಗುತ್ತಿರುವುದು ವೈದ್ಯರಿಗೆ ಗೊತ್ತಿಲ್ಲದಿದ್ದರೆ ಬೆನ್ನಿನೊಳಗೆ ರಕ್ತ ತುಂಬಿ ಕಾಲು ಬೀಳಬಹುದು. ಮನೆಯ ಮಾತ್ರೆ ಹಂಚಿಕೊಂಡವರು ಅದನ್ನು ವೈದ್ಯರ ಮುಂದೆ ಹೇಳಲು ಹಿಂಜರಿಯುತ್ತಾರೆ ಎಂಬುದು ನನ್ನ ಅನುಭವ, ಆದ್ದರಿಂದಲೇ ಇದನ್ನು ಒತ್ತಿ ಬರೆಯುತ್ತಿದ್ದೇನೆ.

ಇನ್ನೂ ಬಲವಾದ ಔಷಧಗಳಿಂದ ಏನಾಗಬಹುದು? ಮಲಯಾ ಕಡೆಯ ಗುಳಿಮಂಡಲ ಹಾವೊಂದರ ವಿಷದಿಂದ ತೆಗೆದ ಆಂಕ್ರಾಡ್ ಎಂಬ ವಸ್ತು ರಕ್ತದ ಫೈಬ್ರಿನೋಜೆನ್‌ನ್ನು ಖಾಲಿ ಮಾಡುತ್ತದೆ. ಪ್ರಯೋಗದ ಪ್ರಾಣಿಗಳಲ್ಲಿ ಅದು ಮಿದುಳಿನ ಉರಿಯೂತವನ್ನು ಇಳಿಸಿತು. ಆದರೆ ಅದನ್ನೇ ಪಾರ್ಶ್ವವಾಯು ರೋಗಿಗಳಲ್ಲಿ ಪರೀಕ್ಷಿಸಿದಾಗ ಮಿದುಳಿನ ರಕ್ತಸ್ರಾವದ ಭಯ ಎದುರಾಯಿತು, ಔಷಧ ಬಳಕೆಯಲ್ಲಿ ಉಳಿಯಲಿಲ್ಲ. ಸ್ಟ್ಯಾನ್‌ಫರ್ಡ್‌ನ ತಂಡ ಇಲಿಗಳಿಗೆ ಕೊಟ್ಟು ಗುಣ ಕಂಡ ಎರಡು ವಸ್ತುಗಳಲ್ಲಿ ಒಂದು ಸಕ್ರಿಯ ಪ್ರೋಟೀನ್ ಸಿ. ಮನುಷ್ಯರಲ್ಲಿ ತೀವ್ರ ಸೋಂಕಿಗೆಂದು ಮಾರಾಟದಲ್ಲಿದ್ದ ಅದನ್ನು, ಪ್ರಯೋಜನ ಕಾಣದ ಕಾರಣ, 2011ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಅದರಲ್ಲೂ ರಕ್ತಸ್ರಾವದ ಅಪಾಯವಿತ್ತು. ಇಡೀ ಮೈಯ ಹೆಪ್ಪುಗಟ್ಟುವ ಶಕ್ತಿಯನ್ನು ಕುಂದಿಸಿ ಮಿದುಳನ್ನು ಕಾಯುವುದೆಂದರೆ, ಕಣ ನೆನೆಯುತ್ತದೆಂದು ಹೂಮಳೆಯನ್ನೂ ಬೇಡವೆಂದಂತೆ. ಕಣಕ್ಕೆ ಬೇಕಾದದ್ದು ಟಾರ್ಪಾಲು.

ಆ ಟಾರ್ಪಾಲಿನ ಕೆಲಸ ಮಾಡುವ ಔಷಧಕ್ಕಾಗಿ ಹುಡುಕಾಟ ನಡೆದಿದೆ. ಫೈಬ್ರಿನ್‌ನ ಯಾವ ತುಣುಕು ಮೈಕ್ರೋಗ್ಲಿಯಾವನ್ನು ಕೆರಳಿಸುತ್ತದೋ ಅದು ಬೇರೆ, ಹೆಪ್ಪು ಕಟ್ಟಲು ಬೇಕಾದ ಭಾಗ ಬೇರೆ. ಮೊದಲನೆಯದಕ್ಕೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಅಕಸೋಗ್ಲೂ ಅವರ ತಂಡ 2018ರಲ್ಲಿ ಪ್ರಕಟಿಸಿತು. ಇಲಿಗಳಲ್ಲಿ ಅದು ನರಗಳ ಹಾನಿಯನ್ನು ಕಡಿಮೆ ಮಾಡಿತು, ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗಲಿಲ್ಲ. ಅದರಿಂದ ರೂಪಿಸಿದ, ಮನುಷ್ಯರಿಗೆ ಹೊಂದುವ ಪ್ರತಿಕಾಯವೊಂದು ಈಗ ಮೊದಲ ಹಂತಗಳ ಪರೀಕ್ಷೆಯಲ್ಲಿದೆ. ಇದರ ಬಗ್ಗೆ ನನಗೆ ನಿಜವಾದ ಆಸೆಯಿದೆ, ಅದರಲ್ಲೂ ಕಾಯಿಲೆ ನಿಧಾನವಾಗಿ ಏರುತ್ತಲೇ ಹೋಗುವ ಹಂತದವರಿಗಾಗಿ. ಅಂಥವರ ಮಿದುಳಿನ ಹೊರಪದರದಲ್ಲಿ ಫೈಬ್ರಿನ್ ಕೂತಿರುವುದು ಕಂಡುಬಂದಿದೆ, ಈಗಿರುವ ಔಷಧಗಳು ಅವರಿಗೆ ಅಷ್ಟಾಗಿ ನಾಟುವುದಿಲ್ಲ. ಆದರೆ ಔಷಧದ ಅಂಗಡಿಯಲ್ಲಿ ಸಿಗುವ ಯಾವುದೂ ಇದಕ್ಕೆ ಬದಲಿಯಲ್ಲ.

ನಿಮ್ಮ ಮಗಳ ಮಟ್ಟಿಗೆ ಸಮಾಧಾನದ ಸಂಗತಿಯೊಂದಿದೆ. ಎಂಆರ್‌ಐ ಮಾಡುವಾಗ ಕೈಗೆ ಚುಚ್ಚುವ ಗ್ಯಾಡೋಲಿನಿಯಂ ದ್ರವ, ತಡೆಗೋಡೆ ಬಿರುಕುಬಿಟ್ಟ ಜಾಗದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅವಳ ಹಳೆಯ ಮತ್ತು ಹೊಸ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿ. ರಿಟುಕ್ಸಿಮ್ಯಾಬ್ ರೋಗನಿರೋಧಕ ವ್ಯವಸ್ಥೆಯ ಬಿ ಕೋಶಗಳನ್ನು ತೆಗೆದುಹಾಕಿ ಇಂಥ ಹೊಳೆಯುವ ಹೊಸ ಕಲೆಗಳನ್ನು ಬಹಳವಾಗಿ ತಗ್ಗಿಸುತ್ತದೆ. ಬಿರುಕೇ ಬೀಳದಿದ್ದರೆ ಫೈಬ್ರಿನೋಜೆನ್ ಸೋರಲು ದಾರಿಯೆಲ್ಲಿ? ನೀವು ಆರು ತಿಂಗಳಿಗೊಮ್ಮೆ ಕೊಡಿಸುತ್ತಿರುವ ಡ್ರಿಪ್ಪೇ ಇಂದಿನ ಮಟ್ಟಿಗೆ ಈ ಸೋರಿಕೆಗೆ ಸಿಗುವ ಒಳ್ಳೆಯ ತಡೆ. ನಟಾಲಿಜುಮ್ಯಾಬ್, ಫಿಂಗೋಲಿಮೋಡ್, ಡೈಮಿಥೈಲ್ ಫ್ಯೂಮರೇಟ್ ಮುಂತಾದ ಬೇರೆ ಔಷಧಗಳೂ ಇವೆ. ನಟಾಲಿಜುಮ್ಯಾಬ್‌ನಲ್ಲಿ ಜೆಸಿ ವೈರಸ್‌ನಿಂದ ಮಿದುಳಿನ ಸೋಂಕಿನ ಅಪಾಯವಿದೆ, ಫಿಂಗೋಲಿಮೋಡ್ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಬಹುದು. ಎರಡು ವರ್ಷ ಮರುಕಳಿಸದೆ ಇರುವವಳಿಗೆ ಒಂದು ರಕ್ತಪರೀಕ್ಷೆಯ ಅಂಕಿಗಾಗಿ ಔಷಧ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ರಿಟುಕ್ಸಿಮ್ಯಾಬ್‌ನ ಅಪಾಯವೆಂದರೆ ಸೋಂಕು. ಜ್ವರ ಮೂರು ದಿನ ದಾಟಿದರೆ ತಡಮಾಡದೆ ತೋರಿಸಿ, ಯಾವ ಲಸಿಕೆ ಹಾಕಿಸುವುದಿದ್ದರೂ ಮೊದಲು ನಿಮ್ಮ ನರರೋಗ ತಜ್ಞರನ್ನು ಕೇಳಿ.

ಇನ್ನು ಆ ವರದಿಯ ಅಂಕಿಗಳು. ಫೈಬ್ರಿನೋಜೆನ್‌ನ ಸಾಮಾನ್ಯ ಮಿತಿ ಡೆಸಿಲೀಟರಿಗೆ 200ರಿಂದ 400 ಮಿಲಿಗ್ರಾಂ. ಜ್ವರ ಬಂದಾಗ ಯಕೃತ್ತು ಇದನ್ನು ಹೆಚ್ಚು ತಯಾರಿಸುತ್ತದೆ. ಗರ್ಭಿಣಿಯರಲ್ಲಿ, ಧೂಮಪಾನಿಗಳಲ್ಲಿ, ಈಸ್ಟ್ರೋಜೆನ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲೂ ಅದು ಏರುತ್ತದೆ. ಡಿ-ಡೈಮರ್ ಕೂಡ ಸೋಂಕಿನಲ್ಲಿ 500ರ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಜ್ವರ ಬಿಟ್ಟ ವಾರದಲ್ಲಿ 468 ಮತ್ತು 610 ಬಂದದ್ದು, ಮೈ ಸೋಂಕಿನ ವಿರುದ್ಧ ಮಾಡಬೇಕಾದ ಕೆಲಸ ಮಾಡಿದ್ದರ ಗುರುತು. ಎಂಎಸ್ ಇದೆಯೇ, ಏರುತ್ತಿದೆಯೇ ಎಂದು ತಿಳಿಯಲು ಈ ಎರಡು ಪರೀಕ್ಷೆಗಳನ್ನು ನಾವು ಬಳಸುವುದೇ ಇಲ್ಲ. ಮನಸ್ಸು ಸಮಾಧಾನವಾಗದಿದ್ದರೆ ಆರೋಗ್ಯವಾಗಿರುವಾಗ, ಆರೇಳು ವಾರ ಬಿಟ್ಟು ಒಮ್ಮೆ ಮಾಡಿಸಿ, ಅಷ್ಟು ಸಾಕು.

ಹಾಗೆಂದು ರಕ್ತ ಹೆಪ್ಪುಗಟ್ಟುವುದನ್ನು ಪೂರ್ತಿ ಮರೆತುಬಿಡಿ ಎಂದು ನಾನು ಹೇಳುತ್ತಿಲ್ಲ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂಬ ಕಾಯಿಲೆಯಿದೆ, ಅದರಲ್ಲಿ ರಕ್ತ ನಿಜವಾಗಿಯೂ ಬೇಗ ಹೆಪ್ಪುಗಟ್ಟುತ್ತದೆ, ಎಂಆರ್‌ಐಯಲ್ಲಿ ಅದು ಒಮ್ಮೊಮ್ಮೆ ಎಂಎಸ್‌ನಂತೆಯೇ ಕಾಣುತ್ತದೆ, ಅದಕ್ಕೆ ಚಿಕಿತ್ಸೆ ರಕ್ತ ತೆಳು ಮಾಡುವ ಔಷಧವೇ. ಮಗಳಿಗೆ ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟೇ, ಗರ್ಭಪಾತಗಳಾಗಿವೆಯೇ, ಚರ್ಮದ ಮೇಲೆ ಬಲೆಯಂಥ ನೀಲಿ ಗೆರೆಗಳಿವೆಯೇ ಎಂದು ನೆನಪಿಸಿಕೊಳ್ಳಿ. ಇದ್ದರೆ ನಿಮ್ಮ ತಜ್ಞರಿಗೆ ಹೇಳಿ. ಅದರ ಪ್ರತಿಕಾಯ ಪರೀಕ್ಷೆಗಳನ್ನು 12 ವಾರಗಳ ಅಂತರದಲ್ಲಿ ಎರಡು ಬಾರಿ ಮಾಡಿಸಬೇಕಾಗುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣುವುದಿಲ್ಲ, ಬೆನ್ನುಹುರಿಯ ನೀರಿನ ಪರೀಕ್ಷೆಯೂ ಆಗಿದೆ, ಆದ್ದರಿಂದ ಮೊದಲ ನಿರ್ಣಯವನ್ನು ಸಂಶಯಿಸಲು ನನಗೆ ಕಾರಣವಿಲ್ಲ.

ಕಾಲು ಸೋತು ಓಡಾಟ ಕಡಿಮೆಯಾದ ಎಂಎಸ್ ರೋಗಿಗಳಿಗೆ ಮೀನಖಂಡದ ಅಭಿಧಮನಿಯಲ್ಲಿ ಹೆಪ್ಪು ಕಟ್ಟುವ ಸಾಧ್ಯತೆ ಇತರರಿಗಿಂತ ಹೆಚ್ಚು. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ, ಥಟ್ಟನೆ ಉಸಿರು ಕಟ್ಟಿದರೆ ಕಾಯಬಾರದು. ಬೆಂಗಳೂರಿಗೆ ಹೋಗುವಾಗ ಆರು ಗಂಟೆ ಕಾರಿನಲ್ಲಿ ಕೂರುವ ಬದಲು ನಡುವೆ ಎರಡು ಸಲ ಇಳಿದು ನಡೆಯಲಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರಲ್ಲಿ ಈಸ್ಟ್ರೋಜೆನ್ ಇದೆಯೇ ಎಂದು ಕೇಳಿ ತಿಳಿಯಿರಿ. ಮಿದುಳಿನ ಅಭಿಧಮನಿಯಲ್ಲೇ ಹೆಪ್ಪುಗಟ್ಟುವ ಕಾಯಿಲೆ ನಮ್ಮ ದೇಶದಲ್ಲಿ ಬಾಣಂತಿಯರಲ್ಲಿ ಅಪರೂಪವೇನಲ್ಲ. ದಿನದಿಂದ ದಿನಕ್ಕೆ ಏರುವ ತಲೆನೋವು, ವಾಂತಿ, ಫಿಟ್ಸ್ ಅದರ ಲಕ್ಷಣ. ಇನ್ನೊಂದು ವ್ಯತ್ಯಾಸ ಮನೆಯವರೆಲ್ಲರಿಗೂ ಗೊತ್ತಿರಲಿ. ಎಂಎಸ್ ಮರುಕಳಿಸುವಾಗ ತೊಂದರೆ ಗಂಟೆಗಳಲ್ಲಿ, ದಿನಗಳಲ್ಲಿ ಏರುತ್ತದೆ. ಕ್ಷಣದಲ್ಲಿ ಬಾಯಿ ಸೊಟ್ಟಗಾಗಿ ಕೈ ಬಿದ್ದರೆ ಅದು ಪಾರ್ಶ್ವವಾಯು ಇರಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ ಮಾತ್ರ, ನಮ್ಮ ಘಾಟಿ ರಸ್ತೆಗಳ ಲೆಕ್ಕ ಇಟ್ಟುಕೊಂಡು ಆಗಲೇ 108ಕ್ಕೆ ಫೋನ್ ಮಾಡಬೇಕು.

ನಿಮ್ಮ ನಾದಿನಿಯ ಸಲಹೆಯ ಹಿಂದೆಯೂ ಒಂದು ನಿಜವಿದೆ. ಮಳೆಗಾಲದಲ್ಲಿ ತೋಟಕ್ಕಿಳಿದವರಿಗೆ ಜಿಗಣೆ ಉದುರಿಹೋದ ಮೇಲೂ ಸಾಕ್ಸ್ ನೆನೆಯುವಷ್ಟು ರಕ್ತ ಯಾಕೆ ಹರಿಯುತ್ತದೆ ಎಂಬುದು ಗೊತ್ತು, ಜಿಗಣೆಯ ಜೊಲ್ಲಿನಲ್ಲಿ ಥ್ರಾಂಬಿನ್‌ನ್ನು ಕಟ್ಟಿಹಾಕುವ ವಸ್ತುವಿದೆ. ಚಿಕಿತ್ಸೆಗೆ ಬಳಸುವ ಜಿಗಣೆಯಲ್ಲಿರುವ ಆ ವಸ್ತುವಿಗೆ ಹಿರುಡಿನ್ ಎಂದು ಹೆಸರು. ಸ್ಟ್ಯಾನ್‌ಫರ್ಡ್‌ನ 2008ರ ಅಧ್ಯಯನದಲ್ಲಿ ಇಲಿಗಳಿಗೆ ಕೊಟ್ಟ ಎರಡನೆಯ ವಸ್ತು ಇದೇ ಹಿರುಡಿನ್! ಆದರೆ ಅಲ್ಲಿ ಕೊಟ್ಟದ್ದು ಅಳತೆ ಮಾಡಿದ ಔಷಧ, ಇಡೀ ಮೈಗೆ. ಜಿಗಣೆ ಕಚ್ಚಿದಾಗ ಸಿಗುವುದು ಆ ಜಾಗದಲ್ಲಿ ಕೆಲಸ ಮಾಡುವಷ್ಟು ಮಾತ್ರ, ಮಿದುಳಿಗೆ ಅದರಿಂದ ಏನೂ ಒದಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಚಿಕಿತ್ಸೆಯ ಜಿಗಣೆಯ ಹೊಟ್ಟೆಯಲ್ಲಿ ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ, ಕಚ್ಚಿದ ಗಾಯಕ್ಕೆ ಅದು ಇಳಿಯಬಹುದು. ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುವ ಹುಡುಗಿಗೆ ಬೇಕೆಂದೇ ಅಂಥ ಗಾಯ ಮಾಡಿಸುವುದು ಖಂಡಿತ ಸಲ್ಲದು. ನ್ಯಾಟೋ ಕ್ಯಾಪ್ಸೂಲಿನಲ್ಲಿರುವುದು ಹುದುಗಿಸಿದ ಸೋಯಾದಿಂದ ಬರುವ, ಫೈಬ್ರಿನ್ ಕರಗಿಸುವ ಕಿಣ್ವ. ಎಂಎಸ್‌ಗೆ ಅದರಿಂದ ಗುಣವೆಂಬ ಪುರಾವೆಯಿಲ್ಲ. ಅದನ್ನು ನಿಮ್ಮ ಯಜಮಾನರ ಕೈಗೆ ಸಿಗದಂತೆ ಇಡಿ, ಅವರ ಮಾತ್ರೆಗಳ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ.

ಸ್ನಾನದ ವಿಷಯ. ಮೈಲಿನ್ ಕಳೆದುಕೊಂಡ ನರತಂತುವಿನಲ್ಲಿ, ಮೈ ಬಿಸಿ ಅರ್ಧ ಡಿಗ್ರಿಯಷ್ಟು ಏರಿದರೂ ವಿದ್ಯುತ್ ಸಂದೇಶ ತಡವರಿಸುತ್ತದೆ. 1890ರಲ್ಲಿ ಇದನ್ನು ವರ್ಣಿಸಿದ ಊಟ್‌ಹೋಫ್ ಅವರ ಹೆಸರಿನಲ್ಲೇ ಈ ಲಕ್ಷಣವನ್ನು ಕರೆಯುತ್ತೇವೆ. ಮೈ ತಣಿದಂತೆ ದೃಷ್ಟಿ ಮರಳುತ್ತದೆ, ಹೊಸ ಹಾನಿ ಆಗುವುದಿಲ್ಲ. ಮಳೆಗಾಲದ ಚಳಿಯಲ್ಲಿ ಹಂಡೆಯ ನೀರಿನ ಸುಖ ಬಿಡಿ ಎನ್ನುವುದು ಕಷ್ಟ, ಬೆಚ್ಚಗಿನ ನೀರು ಸಾಕೆಂದು ಹೇಳಿ, ಬಚ್ಚಲಿನಲ್ಲಿ ಒಂದು ಸ್ಟೂಲ್ ಇಡಿ, ಒಳಗಿನಿಂದ ಚಿಲಕ ಹಾಕದಿರಲಿ. ಮಂಜು ಒಂದು ದಿನ ಕಳೆದರೂ ಬಿಡದಿದ್ದರೆ, ಕಣ್ಣು ಆಡಿಸಿದಾಗ ನೋವಿದ್ದರೆ ಅದು ಬೇರೆ, ಆಗ ಬನ್ನಿ.

ಮದ್ದು ಸೊಪ್ಪಿನ ಪಾಯಸ ಎಂಎಸ್‌ನ್ನು ಗುಣಪಡಿಸುವುದೂ ಇಲ್ಲ, ಕೆಡಿಸುವುದೂ ಇಲ್ಲ, ಮನೆಯವರೆಲ್ಲ ಕೂತು ಉಣ್ಣುವಾಗ ಅವಳೂ ಉಣ್ಣಲಿ. ಆ ಸೊಪ್ಪಿನ ಬಣ್ಣದಿಂದ ಮೂತ್ರ ಕೆಂಪಾಗುವುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು, ಆದರೂ ಒಂದು ಮಾತು ಹೇಳಬೇಕು. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ಒಂದು ಕಕ್ಕಡದಲ್ಲಿ ಹೀಗೆ ಕೆಂಪು ಮೂತ್ರ ಕಂಡು, ಔಷಧದಿಂದಲೇ ರಕ್ತ ಹೋಗುತ್ತಿದೆಯೆಂದು ಹೆದರಿ, ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದರು. ಐದನೆಯ ದಿನ ಅವರನ್ನು ಮಾತು ನಿಂತ ಸ್ಥಿತಿಯಲ್ಲಿ ನನ್ನ ಬಳಿಗೆ ತಂದರು. ಕೆಂಪು ಒಂದೆರಡು ದಿನದಲ್ಲಿ ಹೋಗದಿದ್ದರೆ ಮೂತ್ರ ಪರೀಕ್ಷೆ ಮಾಡಿಸುವುದು ಸರಿ, ಮಾತ್ರೆ ನಿಲ್ಲಿಸುವುದನ್ನು ವೈದ್ಯರು ಹೇಳಬೇಕು.

ಇದು ನಿಮ್ಮ ಯಜಮಾನರಿಗೂ ಅನ್ವಯಿಸುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ಆ ಎರಡು ಮಾತ್ರೆಗಳನ್ನು ನಡುವೆ ತಪ್ಪಿಸಿದರೆ ಸ್ಟೆಂಟ್ ಒಳಗೇ ಹೆಪ್ಪು ಕಟ್ಟಿ ಹೃದಯಾಘಾತವಾಗಬಹುದು. ಒಂದೇ ಪಟ್ಟಿಯಿಂದ ಇಬ್ಬರು ತೆಗೆದರೆ ತಿಂಗಳು ತುಂಬುವ ಮೊದಲೇ ಅವರಿಗೆ ಮಾತ್ರೆ ಮುಗಿದಿರುತ್ತದೆ. ಈಗಾಗಲೇ ಮಗಳಿಗೆ ಕೆಲವು ಕೊಟ್ಟಿದ್ದರೆ, ಇಂದೇ ನಿಲ್ಲಿಸಿ, ಯಾವುದನ್ನು ಎಷ್ಟು ದಿನ ಕೊಟ್ಟಿರೆಂದು ಒಂದು ಚೀಟಿಯಲ್ಲಿ ಬರೆದು, ಮುಂದಿನ ಡ್ರಿಪ್‌ಗೆ ಹೋದಾಗ ಸೂಜಿ ಚುಚ್ಚುವ ಮೊದಲೇ ಅಲ್ಲಿಯ ವೈದ್ಯರ ಕೈಗೆ ಕೊಡಿ.